ಕಾರ್ಬನ್ ಸ್ಟೀಲ್ ಚಾಕುವಿಗೆ ಸಾಸಿವೆ ಪೇಸ್ಟಿನ ಚಿತ್ತಾರ: ನನ್ನ ಅನುಭವ

ಸಾಸಿವೆ ಪೇಸ್ಟ್ ಹಚ್ಚಿ ಅಲಗಿನ ಮೇಲೆ ಗಾಢ ಬಣ್ಣದ ಚಿತ್ತಾರ ಮೂಡಿಸುವ ಕೆಲಸ ಇದು. ಸ್ಟೇನ್‌ಲೆಸ್ ಚಾಕು ಇಟ್ಟುಕೊಂಡವರು ಇದಕ್ಕೆ ಕೈ ಹಾಕಬೇಡಿ. ಅದರಲ್ಲಿರುವ ಕ್ರೋಮಿಯಂ ಅಡುಗೆಮನೆಯ ಹುಳಿಗೆಲ್ಲ ಜಗ್ಗುವುದಿಲ್ಲ. ನನ್ನದು 1095 ಎಂಬ ದರ್ಜೆಯ ಕಾರ್ಬನ್ ಸ್ಟೀಲ್, ಅಂದರೆ ಇಂಗಾಲ ಹೆಚ್ಚಿರುವ ಉಕ್ಕಿನ ಚಾಕು. ಅದರಲ್ಲಿ ಇಂಗಾಲ ಸುಮಾರು ಶೇ. 0.95ರಷ್ಟು ಇರುತ್ತದೆ, ಕ್ರೋಮಿಯಂ ಇಲ್ಲವೆಂದೇ ಹೇಳಬಹುದು. ಈರುಳ್ಳಿ, ಟೊಮೆಟೊ ಹೆಚ್ಚುತ್ತಾ ಹೋದರೆ ಅಲಗು ತಾನಾಗಿಯೇ ಬೂದುನೀಲಿಗೆ ತಿರುಗುತ್ತದೆ. ಆದರೆ ಎಲ್ಲಿ ಎಷ್ಟು ಬಣ್ಣ ಬರಬೇಕು ಎನ್ನುವುದು ನನ್ನ ಕೈಯಲ್ಲಿರಬೇಕಿತ್ತು.

ಅರ್ಧ ಕೆಲಸ ಇರುವುದು ತೊಳೆಯುವುದರಲ್ಲಿ. ಹಿಡಿಗೆ ಟೇಪ್ ಸುತ್ತಿ, ಅಲಗನ್ನು 600 ಗ್ರಿಟ್‌ನ (ನಯವಾದ) ಸ್ಯಾಂಡ್‌ಪೇಪರಿನಿಂದ ಒಂದೇ ದಿಕ್ಕಿನಲ್ಲಿ ತಿಕ್ಕಿದೆ. ಆಮೇಲೆ ಪಾತ್ರೆ ಸೋಪು, ಬಿಸಿನೀರು, ಕೊನೆಗೆ ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್. ನೀರು ಬಿಟ್ಟಾಗ ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿಕೊಂಡರೆ ಜಿಡ್ಡು ಹೋಗಿದೆ ಎಂದರ್ಥ. ಅಲ್ಲಿಂದ ಮುಂದೆ ಕೈಗವಸು ಕಡ್ಡಾಯ. ಬೆರಳು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ, ಗುರುತು ಬೆಳ್ಳಗೆ ಎದ್ದು ಕಾಣುತ್ತದೆ.

ಬಾಟಲಿಯಲ್ಲಿ ಸಿಗುವ ಹಳದಿ ಸಾಸಿವೆ ಪೇಸ್ಟ್ ಸಾಕು. ಬಣ್ಣ ತರುವುದು ಸಾಸಿವೆಗಿಂತ ಹೆಚ್ಚಾಗಿ ಅದರಲ್ಲಿರುವ ವಿನೆಗರ್. ಹಾಗಾದರೆ ವಿನೆಗರನ್ನೇ ಹಚ್ಚಬಾರದೇ? ಹಚ್ಚಬಹುದು, ಆದರೆ ಅದು ಹರಿದುಹೋಗಿ ಎಲ್ಲ ಕಡೆ ಒಂದೇ ಬೂದುಬಣ್ಣ ಬರುತ್ತದೆ. ಪೇಸ್ಟ್ ಹಚ್ಚಿದಲ್ಲೇ ನಿಲ್ಲುತ್ತದೆ. ಇಲ್ಲೊಂದು ಗುಟ್ಟಿದೆ: ಗಾಢವಾದ ಗೆರೆ ಮೂಡುವುದು ಪೇಸ್ಟಿನ ಚುಕ್ಕೆಯ ನಡುವೆ ಅಲ್ಲ, ಅಂಚಿನಲ್ಲಿ. ಹುಳಿ, ಗಾಳಿ, ಕಬ್ಬಿಣ ಮೂರೂ ಸೇರುವ ಜಾಗ ಅದು. ದಪ್ಪಗೆ ಮೆತ್ತಿದರೆ ಅದರ ಕೆಳಗೆ ಗಾಳಿ ಹೋಗದೆ ನಡುಭಾಗ ಪೇಲವವಾಗುತ್ತದೆ. ಅದಕ್ಕೇ ನಾನು ಸ್ಪಂಜಿನ ತುಂಡಿನಿಂದ ತೆಳುವಾಗಿ, ಅಡ್ಡಾದಿಡ್ಡಿಯಾಗಿ ಒತ್ತಿದೆ. ಅಳತೆ ಹಿಡಿದು ಇಟ್ಟ ಚುಕ್ಕೆಗಳು ನನ್ನ ಕಣ್ಣಿಗಂತೂ ಚೀತಾ ಚರ್ಮದ ಅಗ್ಗದ ನಕಲಿನಂತೆ ಕಾಣುತ್ತವೆ.

ಪೇಸ್ಟಿನ ಅಂಚು ಒಣಗುವವರೆಗೆ ಬಿಟ್ಟು, ತೊಳೆದು ಒರೆಸಿ, ಖಾಲಿ ಉಳಿದ ಜಾಗಗಳಲ್ಲಿ ಮತ್ತೆ ಒತ್ತಬೇಕು. ಒಂದರ ಮೇಲೊಂದು ಗೆರೆ ಹಾಯುತ್ತಾ ಹೋದಂತೆ ಚಿತ್ತಾರಕ್ಕೆ ಆಳ ಬರುತ್ತದೆ. ನಡುವೆ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಮೆಲ್ಲಗೆ ಉಜ್ಜಿದರೆ ಪುಡಿ ಹೋಗುತ್ತದೆ, ಗಟ್ಟಿಯಾಗಿ ಅಂಟಿದ ಕಪ್ಪು ಪದರ ಉಳಿಯುತ್ತದೆ. ಅಳಿದುಳಿದ ಹುಳಿಯನ್ನೂ ಸೋಡಾ ಕೊಲ್ಲುತ್ತದೆ.

ಬೆಂಕಿಯಲ್ಲಿ ಕಾಯಿಸಿ ನೀಲಿ ಬಣ್ಣ ತರಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನೀಲಿ ಬರುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಅಷ್ಟು ಕಾದರೆ ಅಲಗಿನ ಹದ ಕೆಟ್ಟು ಉಕ್ಕು ಮೆತ್ತಗಾಗುತ್ತದೆ. ಕೆಲಸದ ಚಾಕುವಿಗೆ ಆ ಶೋಕಿ ಬೇಡ. ವಿನೆಗರನ್ನು ಬೆಚ್ಚಗೆ ಮಾಡಿ ಬಳಸಿದರೆ ತೊಂದರೆಯಿಲ್ಲ, ಕೆಲಸವೂ ಬೇಗ ಆಗುತ್ತದೆ.

ಹುಳಿ ಚಾಕುವಿನ ಬಾಯಿಯನ್ನೂ ತಿನ್ನುವುದರಿಂದ ಸಾಣೆ ಹಿಡಿಯುವುದನ್ನು ಕೊನೆಗೆ ಇಟ್ಟುಕೊಂಡೆ. ಆಮೇಲೆ ತಿನ್ನಲು ಯೋಗ್ಯವಾದ ಮಿನರಲ್ ಆಯಿಲ್ ತೆಳುವಾಗಿ ಸವರಿದೆ. ಹುಳಿ ಮೂಡಿಸಿದ ಈ ಕಪ್ಪು ಪದರ ತುಕ್ಕನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ; ಒದ್ದೆ ಚಾಕು ಸಿಂಕಿನಲ್ಲಿ ಬಿದ್ದಿದ್ದರೆ ಚಿತ್ತಾರದ ಮೇಲೆಯೇ ಕೆಂಪು ಏಳುತ್ತದೆ. ತಂತಿ ಉಜ್ಜುಗವನ್ನಂತೂ ಹತ್ತಿರ ತರಬೇಡಿ. ನಿಂಬೆ ಕುಯ್ದು ಒರೆಸದೆ ಬಿಟ್ಟರೆ ಅಲ್ಲೊಂದು ಹೊಸ ಕಲೆ ಸೇರಿಕೊಳ್ಳುತ್ತದೆ. ನಾನು ಅದನ್ನು ತೆಗೆಯಲು ಹೋಗುವುದಿಲ್ಲ.