ಬೆಳ್ಳಿ ಹಿಡಿಯ ಒಳಗಿನ ಹಲ್ಲುಗಳು

ವಿರಾಜಪೇಟೆಯಲ್ಲಿ ನಾನು ಬೆಳ್ಳಿ ರಿಪೇರಿ ಮಾಡುತ್ತೇನೆ. ಕೈಗೆ ಜಾಸ್ತಿ ಬರುವುದು ಪೀಚೆಕತ್ತಿ, ಕೊಡವ ಗಂಡಸರು ಸೊಂಟಕ್ಕೆ ಸಿಕ್ಕಿಸುವ ಕಠಾರಿ. ಮದುವೆ ಸೀಸನ್ ಹತ್ತಿರ ಬಂದರೆ ಸಾಕು, ಒರೆಯ ತಗಡು ಎದ್ದಿದೆ, ಸರಪಳಿ ತುಂಡಾಗಿದೆ ಅಂತ ಜನ ಬರುತ್ತಾರೆ. ಹಾಗಾಗಿ ಕುಟ್ಟದ ಕಡೆಯ ಒಬ್ಬ ಆಂಟಿ ಪೇಪರಿನಲ್ಲಿ ಸುತ್ತಿದ ಬೆಳ್ಳಿ ಹಿಡಿಯೊಂದನ್ನು ಮೇಜಿನ ಮೇಲಿಟ್ಟಾಗ ನನಗೇನೂ ವಿಶೇಷ ಅನಿಸಲಿಲ್ಲ.

“ಆಚಾರ್ರೇ, ಇದು ಯಾವ ಕತ್ತಿದು ಅಂತ ನೋಡಿ. ಅಲಗು ಕಳೆದುಹೋಗಿದೆ. ಹೊಸದು ಹಾಕಿಕೊಡೋಕೆ ಆಗುತ್ತಾ?”

ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದು. ಹಿಡಿಯ ಮೇಲೆ ಉದ್ದುದ್ದ ಗೆರೆ, ತುದಿಯಲ್ಲಿ ಎಲೆಗಳ ಕೆತ್ತನೆ. ಇನ್ನೊಂದು ತುದಿಯಲ್ಲಿ ಕೊಳವೆಯಂಥ ಅಗಲ ಬಾಯಿ. ಬಾಯಿಯ ಪಕ್ಕದಲ್ಲಿ ರೆಕ್ಕೆ ಇರುವ ಒಂದು ಸ್ಕ್ರೂ. ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಇದನ್ನು ಕೋವಿ, ಒಡಿಕತ್ತಿ ಅನ್ನುವ ಅಗಲ ಅಲಗಿನ ಕತ್ತಿಗಳ ಜೊತೆಗೇ ಇಡುತ್ತಿದ್ದರಂತೆ. ಪ್ರತಿ ಕೈಲ್‌ಪೊಳ್ದಿಗೆ (ಆಯುಧ ಪೂಜೆಯ ಹಬ್ಬಕ್ಕೆ) ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿ ಆಯುಧಗಳ ಸಾಲಿನಲ್ಲಿಟ್ಟು ಗಂಧ ಹಚ್ಚಿ, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆಯೂ ಮಾಡಿದ್ದಾರೆ. ಗೆರೆಗಳ ಸಂದಿಯಲ್ಲಿ ಒಣಗಿದ ಗಂಧ ಇನ್ನೂ ಇತ್ತು.

ಕತ್ತಿಯ ಹಿಡಿ ಅಲ್ಲ ಅನ್ನುವುದು ಬಾಯಿ ನೋಡಿದ ಕೂಡಲೇ ತಿಳಿಯಿತು. ಅಲಗಿನ ಬಾಲ ಕೂರುವುದಕ್ಕೆ ಸಣ್ಣ ತೂತು ಸಾಕು, ಇಲ್ಲಿ ಎರಡು ಬೆರಳು ಸಲೀಸಾಗಿ ಹೋಗುತ್ತವೆ. ರಿವಿಟ್ ಹೊಡೆದ ಗುರುತೂ ಇಲ್ಲ. ಅಲಗು ಆಗಲ್ಲ ಆಂಟಿ, ಆದರೆ ಇದು ಏನು ಅಂತ ನೋಡ್ತೀನಿ, ಬಿಟ್ಟುಹೋಗಿ ಅಂದೆ.

ಅಂಗಡಿಗೆ ಬಂದವರೆಲ್ಲ ಒಂದೊಂದು ಹೇಳಿದರು. ಒಬ್ಬರು ಚಾಮರದ ಹಿಡಿ ಅಂದರು. ಅದು ತೆಗೆದುಹಾಕುವ ಮಾತಲ್ಲ, ಬೆಳ್ಳಿ ಚಾಮರಕ್ಕೂ ಹೀಗೇ ಅಗಲ ಬಾಯಿ ಇರುತ್ತದೆ. ಆದರೆ ಚಾಮರದ ಕೂದಲನ್ನು ಕಟ್ಟಿ ಅರಗು ಹಾಕಿ ಕೂರಿಸುತ್ತಾರೆ, ಸ್ಕ್ರೂ ಬಿಗಿದರೆ ಕೂದಲು ನಿಲ್ಲುವುದಿಲ್ಲ. ಇನ್ನೊಬ್ಬರು ಮೇಣದ ಬತ್ತಿ ಹಿಡಿಯುವುದು ಅಂದರು. ಕರಗಿದ ಮೇಣ ಬೀಳೋಕೆ ತಟ್ಟೆ ಇಲ್ಲ, ಎಲ್ಲೂ ಮಸಿ ಇಲ್ಲ. ತೊಡಂಗ್ ಅಂದವರೂ ಇದ್ದರು. ಕೊಡವ ಗಂಡಸರ ಉಡುಪಾದ ಕುಪ್ಯದ ಹಿಂದೆ ಒಡಿಕತ್ತಿ ಸಿಕ್ಕಿಸುವ ತೊಡಂಗ್ ನೋಡಿದವರು ಯಾರೂ ಹಾಗೆ ಹೇಳಲ್ಲ, ಸುಮ್ನೆ ಏನಾದರೂ ಹೇಳಬೇಕು ಅಂತ ಹೇಳಿದ್ದು ಅಷ್ಟೇ.

ಹಳೇ ಬೆಳ್ಳಿ ಸಿಕ್ಕರೆ ಎಲ್ಲರೂ ಮೊದಲು ಹುಡುಕುವುದು ಮುದ್ರೆಯನ್ನು. ನಾನು ಮುದ್ರೆಯನ್ನು ಕೊನೆಗಿಡುತ್ತೇನೆ. ಎಲ್ಲಿಯ ಮಾಲು, ಬೆಳ್ಳಿ ಎಷ್ಟು ಶುದ್ಧ, ಯಾರು ಮಾಡಿದ್ದು ಅನ್ನುವುದನ್ನು ಮುದ್ರೆ ಹೇಳುತ್ತದೆ. ಏನಕ್ಕೆ ಮಾಡಿದ್ದು ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಸವೆತ. ಅದರಲ್ಲೂ ಒಳಗಿನ ಸವೆತ. ಹೊರಗೆ ಯಾರ್ಯಾರೋ ಉಜ್ಜಿರುತ್ತಾರೆ, ಗಂಧ ಹಚ್ಚಿರುತ್ತಾರೆ. ಒಳಗೆ ಯಾರೂ ಕೈ ಹಾಕಿರುವುದಿಲ್ಲ.

ಟಾರ್ಚ್ ಬಿಟ್ಟು ಕೊಳವೆಯ ಒಳಗೆ ನೋಡಿದೆ. ಸ್ಕ್ರೂವಿನ ಎದುರು ಗೋಡೆಯಲ್ಲಿ ಸಣ್ಣ ಹಲ್ಲುಗಳ ಸಾಲು. ಹಲ್ಲುಗಳ ತುದಿಯಲ್ಲಿ ಬೆಳ್ಳಿ ಲೇಪ ಪೂರ್ತಿ ಹೋಗಿ ಹಿತ್ತಾಳೆಯ ಹಳದಿ ಕಾಣುತ್ತಿತ್ತು. ಅಂದರೆ ಈ ಭಾಗ ಗಟ್ಟಿ ಬೆಳ್ಳಿಯಲ್ಲ, ಹಿತ್ತಾಳೆಗೆ ಲೇಪ ಕೊಟ್ಟದ್ದು. ಹಲ್ಲುಗಳ ಸುತ್ತ ಸುತ್ತಿ ಸುತ್ತಿ ಎಳೆದಂಥ ಗೀರುಗಳು. ಗಟ್ಟಿಯಾದ ಏನನ್ನೋ ಒಳಗೆ ತುರುಕಿ ತಿರುಗಿಸಿ ಕೂರಿಸುತ್ತಿದ್ದರು. ಸ್ಕ್ರೂವಿನ ಮರೆಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ನೀರು ತಾಗಿ ಬರುವ ಕಿಲುಬು ಪುಡಿಪುಡಿಯಾಗಿರುತ್ತದೆ. ಇದು ಮರದ ಕಡ್ಡಿಗೆ ಜಿಡ್ಡಾಗಿ ಅಂಟಿಕೊಂಡಿತು. ತಾಮ್ರ ಇರುವ ಲೋಹಕ್ಕೆ ಕೊಬ್ಬು ಮೆತ್ತಿ ಬಹಳ ಕಾಲ ಕೂತರೆ ಹೀಗಾಗುತ್ತದೆ.

ಆಮೇಲೆ ಯೋಚನೆ ತಾನಾಗಿ ಓಡಿತು. ಸ್ಕ್ರೂ ಇದೆ ಅಂದರೆ ಒಳಗಿರುವ ವಸ್ತುವನ್ನು ಆಗಾಗ ಹಾಕಿ ತೆಗೆಯಬೇಕು. ಹಲ್ಲು ಇದೆ ಅಂದರೆ ಅದು ಜಾರುವಂಥದ್ದು. ಬಾಯಿ ಅಗಲ ಇದೆ ಅಂದರೆ ಅದರ ದಪ್ಪ ಪ್ರತಿ ಸಲವೂ ಒಂದೇ ಇರುವುದಿಲ್ಲ. ಮೇಲೆ ಕೊಬ್ಬು ಬೇರೆ. ಮೂಳೆ ಅಲ್ಲದೆ ಇನ್ನೇನು?

ಆಗ ಲೂಪ್ (ಕಣ್ಣಿಗಿಟ್ಟು ನೋಡುವ ಸಣ್ಣ ಭೂತಗನ್ನಡಿ) ಹಾಕಿ ಮುದ್ರೆ ನೋಡಿದೆ. ಹಿಡಿಯ ಬುಡದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದು. ಎಂಟು ಮೂಲೆಯ ಚೌಕಟ್ಟಿನೊಳಗೆ ಶಿರಸ್ತ್ರಾಣ ಹಾಕಿದ ಹೆಂಗಸಿನ ಮುಖ, ಜೊತೆಗೆ 1 ಅನ್ನುವ ಅಂಕಿ. ಇದು ಮಿನರ್ವಾ ದೇವತೆ, 1838ರಿಂದ ಫ್ರಾನ್ಸಿನ ಬೆಳ್ಳಿಗೆ ಒತ್ತುತ್ತಿದ್ದ ಸರ್ಕಾರಿ ಮುದ್ರೆ. 1 ಅಂದರೆ ಸಾವಿರಕ್ಕೆ 950 ಪಾಲು ಬೆಳ್ಳಿ, 2 ಇದ್ದರೆ 800. ಪಕ್ಕದಲ್ಲಿ ವಜ್ರಾಕಾರದ ಚೌಕಟ್ಟಿನಲ್ಲಿ ಮಾಡಿದವರ ಅಕ್ಷರಗಳು, ಅರ್ಧ ಅಳಿಸಿದ್ದವು. ಕೊಡಗಿನ ಬಂಗಲೆಗಳಿಂದ ಬರುವ ಬೆಳ್ಳಿಯಲ್ಲಿ ನಾನು ಕಾಣುವುದು ಇಂಗ್ಲಿಷ್ ಮುದ್ರೆ: ನಡೆಯುವ ಸಿಂಹ, ಬರ್ಮಿಂಗ್‌ಹ್ಯಾಮಿನದಾದರೆ ಲಂಗರು. ಇಲ್ಲವೇ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಅವರ ದೇವರ ಚಿತ್ರಗಳ ಕೆಲಸ. ಫ್ರೆಂಚ್ ಮಾಲು ಅಪರೂಪ.

ಮೂಳೆ ಮತ್ತು ಫ್ರಾನ್ಸ್ ಎರಡೂ ಸೇರಿದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ. ಅವರು ಇದಕ್ಕೆ ಮಾಂಶ್ ಆ ಜಿಗೊ ಅನ್ನುತ್ತಾರೆ. ಕುರಿಯ ಹಿಂಗಾಲನ್ನು ಇಡಿಯಾಗಿ ಸುಟ್ಟು ಊಟದ ಮೇಜಿಗೆ ತರುತ್ತಾರೆ. ಹೊರಗೆ ಚಾಚಿದ ಮೂಳೆಗೆ ಈ ಬಾಯಿ ತೊಡಿಸಿ ಸ್ಕ್ರೂ ಬಿಗಿಯುತ್ತಾರೆ. ಎಡಗೈಯಲ್ಲಿ ಹಿಡಿ ಹಿಡಿದು ಕಾಲನ್ನು ಸ್ವಲ್ಪ ಎತ್ತಿ, ಬಲಗೈಯ ಉದ್ದ ಚಾಕುವಿನಿಂದ ತೆಳು ತೆಳುವಾಗಿ ಕೊಯ್ಯುತ್ತಾರೆ. ಕೈಗೆ ಜಿಡ್ಡೂ ತಾಗಲ್ಲ, ಬಿಸಿಯೂ ತಾಗಲ್ಲ. ಮನೆಯ ಯಜಮಾನ ನೆಂಟರ ಎದುರು ಕೊಯ್ದು ಬಡಿಸುವುದು ಒಂದು ಗತ್ತು. ನಮ್ಮಲ್ಲಿ ಪಂದಿಯಾಗಲಿ ಕುರಿಯಾಗಲಿ ತುಂಡು ಮಾಡಿಯೇ ಒಲೆ ಹತ್ತುತ್ತದೆ. ಅಡುಗೆಯೇ ಬೇರೆ ಇರುವಾಗ ಈ ಸಾಮಾನು ಮನೆಯವರಿಗೆ ಹೇಗೆ ಗೊತ್ತಾಗಬೇಕು ಹೇಳಿ. ಸಿಕ್ಕಿದ್ದನ್ನು ಆಯುಧದ ಸಾಲಿಗೆ ಸೇರಿಸಿದ್ದು ಸಹಜವೇ.

ಆದರೂ ಕಣ್ಣಾರೆ ನೋಡಬೇಕು ಅನಿಸಿತು. ಮಟನ್ ಅಂಗಡಿಯಿಂದ ಕಾಲಿನ ಮೂಳೆ ತಂದು, ಬಾಯಿಗೆ ತೆಳು ಬಟ್ಟೆ ಸುತ್ತಿ ತೊಡಿಸಿದೆ. ಹಗುರಾಗಿ ಒಂದೆರಡು ಸುತ್ತು ತಿರುಗಿಸುವಷ್ಟರಲ್ಲಿ ಹಲ್ಲು ಕಚ್ಚಿತು. ಹಿಡಿ ಎತ್ತಿದರೆ ಮೂಳೆ ಅಲ್ಲಾಡಲಿಲ್ಲ.

ಇಂಥ ಹಿಡಿ ಒಂಟಿಯಾಗಿ ಬರುವುದು ಕಡಿಮೆ. ಚಾಕು, ಎರಡು ಹಲ್ಲಿನ ಫೋರ್ಕ್, ಈ ಹಿಡಿ, ಮೂರೂ ಒಂದು ಪೆಟ್ಟಿಗೆಯಲ್ಲಿರುತ್ತವೆ. ಆಂಟಿಗೆ ಫೋನ್ ಮಾಡಿ, ಇದೇ ಎಲೆ ಕೆತ್ತನೆಯ ದೊಡ್ಡ ಫೋರ್ಕ್ ಏನಾದರೂ ಇದೆಯಾ ಅಂತ ಕೇಳಿದೆ. “ಇದೆಯಲ್ಲ! ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದೆ.” ಮುಂದಿನ ವಾರ ತಂದರು. ಉಕ್ಕಿನ ಹಲ್ಲುಗಳು ಕೆಂಪಾಗಿದ್ದವು, ಹಿಡಿಯ ಗೆರೆ ಮತ್ತು ಎಲೆ ಇದರದ್ದೇ. ಚಾಕು ಸಿಗಲಿಲ್ಲ.

ಕೊಡಗಿಗೆ ಬಂದ ದಾರಿಯ ಬಗ್ಗೆ ಆಂಟಿ ಹೇಳಿದ್ದು ಇಷ್ಟು: ಗಂಡನ ಅಜ್ಜ ಕಾಫಿ ವ್ಯಾಪಾರಕ್ಕೆ ತಲಶ್ಶೇರಿಗೆ ಹೋಗಿ ಬರುತ್ತಿದ್ದರು. ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಆಮೇಲೆ ತಲಶ್ಶೇರಿ, ಅದರ ಮಗ್ಗುಲಿಗೇ ಮಾಹೆ. ಮಾಹೆ 1954ರ ತನಕ ಫ್ರೆಂಚರ ಕೈಯಲ್ಲೇ ಇತ್ತು. ಅಲ್ಲಿ ಯಾರದೋ ಮನೆ ಖಾಲಿಯಾದಾಗ ಅಜ್ಜ ಕೊಂಡಿರಬಹುದು ಅಂತ ನನ್ನ ಲೆಕ್ಕ. ಇದನ್ನು ರಸೀದಿ ಹಾಗೆ ಯಾರಿಗೂ ತೋರಿಸಬೇಡಿ ಅಂತ ಆಂಟಿಗೂ ಹೇಳಿದ್ದೇನೆ.

ತೂಕದ ಮಾತು ಬಂದಾಗ ಮಾತ್ರ ಗಟ್ಟಿಯಾಗಿ ಹೇಳಿದೆ. ಹಿಡಿಯನ್ನು ಉಗುರಿನಿಂದ ತಟ್ಟಿದರೆ ಮಂಕಾದ ಸದ್ದು ಬರುತ್ತದೆ. ಒಳಗೆ ಪೊಳ್ಳು, ಮೇಲೆ ತೆಳು ಬೆಳ್ಳಿ ತಗಡು, ನಡುವೆ ಅರಗಿನಂಥ ಅಂಟು ತುಂಬಿದ್ದಾರೆ. ನಮ್ಮ ಜೋಮಾಲೆ ಅನ್ನುವ ಚಿನ್ನದ ಸರದ ಗುಂಡುಗಳಲ್ಲೂ ಅರಗೇ ಇರುವುದಲ್ವಾ? ಕರಗಿಸಿದರೆ ಕೈಗೆ ಬರುವ ಬೆಳ್ಳಿ ತಕ್ಕಡಿ ತೋರಿಸಿದ್ದಕ್ಕಿಂತ ತೀರಾ ಕಡಿಮೆ. ಇಡಿಯಾಗಿದ್ದರೇ ಬೆಲೆ, ಫೋರ್ಕ್ ಜೊತೆಗಿದ್ದರೆ ಇನ್ನೂ ಜಾಸ್ತಿ.

ಅದೇ ಕಾರಣಕ್ಕೆ ಬೆಂಕಿ ತೋರಿಸಲಿಲ್ಲ, ಬಿಸಿನೀರಲ್ಲಿ ಅದ್ದಲಿಲ್ಲ. ಅಂಟು ಸಡಿಲವಾದರೆ ಬಾಯಿ ಕಳಚಿ ಕೈಗೆ ಬರುತ್ತದೆ. ಒರೆಗಲ್ಲಿಗೂ ಉಜ್ಜಲಿಲ್ಲ, ತಗಡು ಅಷ್ಟು ತೆಳು. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಜಿಡ್ಡು ತೆಗೆದೆ, ಗಂಧವನ್ನು ಒದ್ದೆ ಬ್ರಷ್ಷಿನಿಂದ ಬಿಡಿಸಿದೆ, ಸ್ಕ್ರೂಗೆ ಒಂದು ಹನಿ ಮೆಷಿನ್ ಎಣ್ಣೆ ಬಿಟ್ಟೆ. ಹಲ್ಲುಗಳಿಗೆ ಹೊಸ ಲೇಪ ಕೊಡಲೇ ಇಲ್ಲ. ಆ ಸವೆತ ಹೋದರೆ ಮುಂದೆ ನೋಡುವವನಿಗೆ ಓದುವುದಕ್ಕೆ ಏನೂ ಉಳಿಯುವುದಿಲ್ಲ.

“ಹಾಗಾದರೆ ಈ ಸಲ ಕೈಲ್‌ಪೊಳ್ದಿಗೆ ಇಡಬಾರದಾ?” ಅಂತ ಆಂಟಿ ಕೇಳಿದರು. ಇಡಿ ಆಂಟಿ, ಗಂಧ ಮಾತ್ರ ಗೆರೆಗೆ ಹೋಗದ ಹಾಗೆ ಹಚ್ಚಿ ಅಂದೆ.