ಕಿಟಕಿ ಹೇಳಿದ ಮಾತು ಕೇಳಲಿ

ಕಂಪ್ಯೂಟರ್ ಪರದೆಯಲ್ಲಿ ಎಡಕ್ಕೊಂದು ಪತ್ರ, ಬಲಕ್ಕೊಂದು ಲೆಕ್ಕದ ಹಾಳೆ ತೆರೆದಿಟ್ಟುಕೊಂಡು ಕೆಲಸ ಮಾಡಬೇಕು. ಅದಕ್ಕೆ ಅನೇಕರು ಇಂದಿಗೂ ಮಾಡುವುದು ಒಂದೇ ಕಸರತ್ತು: ಕಿಟಕಿಯ ಮೂಲೆಗೆ ಮೌಸ್ ಒಯ್ಯುವುದು, ಎರಡು ತಲೆಯ ಬಾಣ ಕಾಣಿಸುವವರೆಗೆ ತಡಕಾಡುವುದು, ಎಳೆಯುವುದು, ಹೆಚ್ಚಾಯಿತೆಂದು ಮತ್ತೆ ತಳ್ಳುವುದು. ಅಂಚಿನಲ್ಲಿ ಹಿಡಿಯಲು ಸಿಗುವ ಜಾಗ ಕೆಲವೇ ಪಿಕ್ಸೆಲ್, ಅಂದರೆ ಪರದೆಯ ಕೆಲವೇ ಚುಕ್ಕಿಗಳಷ್ಟು. ಸೂಜಿಗೆ ದಾರ ಪೋಣಿಸುವಂಥ ಈ ಕೆಲಸವನ್ನು ದಿನಕ್ಕೆ ಇಪ್ಪತ್ತು ಸಲ ಮಾಡುವ ಅಗತ್ಯವಿಲ್ಲ.

(ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಕಿಟಕಿ ಎಂದರೆ ತಂತ್ರಾಂಶವೊಂದು ಪರದೆಯ ಮೇಲೆ ತೆರೆದುಕೊಳ್ಳುವ ಚೌಕ, ವಿಂಡೋಸ್ ಎಂದರೆ ಮೈಕ್ರೊಸಾಫ್ಟ್‌ನ ಕಾರ್ಯಾಚರಣೆ ವ್ಯವಸ್ಥೆ. ಎರಡಕ್ಕೂ ಒಂದೇ ಹೆಸರಿಟ್ಟವರು ವಿವರಿಸಿ ಬರೆಯುವವರ ಪಾಡನ್ನು ಯೋಚಿಸಿರಲಿಲ್ಲ.)

1985ರಲ್ಲಿ ಬಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ಕಿಟಕಿಗಳು ಹಾಸುಗಲ್ಲುಗಳಂತೆ ಪಕ್ಕಪಕ್ಕದಲ್ಲೇ ಕೂರುತ್ತಿದ್ದವು. ಅವುಗಳನ್ನು ಒಂದರ ಮೇಲೊಂದು ಹೇರಲು ಅವಕಾಶ ಸಿಕ್ಕಿದ್ದು 1987ರ ಎರಡನೇ ಆವೃತ್ತಿಯಲ್ಲಿ. ಎಲ್ಲೆಂದರಲ್ಲಿ ಹರಡಿಕೊಂಡು ಸಾಕಾದ ಮೇಲೆ, 2009ರ ವಿಂಡೋಸ್ 7ರಲ್ಲಿ ಪಕ್ಕಪಕ್ಕದ ಜೋಡಣೆಯೇ ಹೊಸ ಸೌಲಭ್ಯವಾಗಿ ಮರಳಿ ಬಂತು. ಅದರ ಹೆಸರು ಸ್ನ್ಯಾಪ್. ನಾವು ಕಲಿಯಬೇಕಾದದ್ದು ಮುಖ್ಯವಾಗಿ ಅದನ್ನೇ.

ಎರಡು ಕಿಟಕಿ, ಅರ್ಧರ್ಧ ಪರದೆ

ಮೊದಲು ಪತ್ರದ ಕಿಟಕಿಯ ಮೇಲೊಮ್ಮೆ ಕ್ಲಿಕ್ ಮಾಡಿ. ವಿಂಡೋಸ್ ಕೀಲಿಯನ್ನು (ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆ ಇರುವುದು) ಒತ್ತಿ ಹಿಡಿದು ಎಡ ಬಾಣದ ಕೀಲಿ ಒತ್ತಿ. ಕಿಟಕಿ ಎಡ ಅರ್ಧಕ್ಕೆ ಹೋಗಿ ಕೂರುತ್ತದೆ. ಬಲ ಅರ್ಧದಲ್ಲಿ ಉಳಿದ ಕಿಟಕಿಗಳ ಚಿಕ್ಕ ಚಿತ್ರಗಳು ಕಾಣಿಸುತ್ತವೆ. ಲೆಕ್ಕದ ಹಾಳೆಯ ಮೇಲೆ ಕ್ಲಿಕ್ ಮಾಡಿದರೆ ಜೋಡಿ ಸಿದ್ಧ. ಇನ್ನು ನಡುವಿನ ಗೆರೆಯನ್ನು ಹಿಡಿದು ಎಳೆಯಿರಿ: ಒಂದು ಕಿಟಕಿ ಹಿಗ್ಗಿದಷ್ಟು ಇನ್ನೊಂದು ಕುಗ್ಗುತ್ತದೆ. ಅರ್ಧರ್ಧಕ್ಕಿಂತ ಪತ್ರಕ್ಕೆ ಸ್ವಲ್ಪ ಕಡಿಮೆ, ಲೆಕ್ಕಕ್ಕೆ ಸ್ವಲ್ಪ ಹೆಚ್ಚು ಎಂಬ ಹಂಚಿಕೆ ನನಗೆ ಹಿತ.

ಎಡಕ್ಕೆ ಕೂರಿಸಿದ ಮೇಲೆ ವಿಂಡೋಸ್ ಕೀಲಿಯೊಡನೆ ಮೇಲಿನ ಬಾಣ ಒತ್ತಿದರೆ ಕಿಟಕಿ ಪರದೆಯ ಕಾಲುಭಾಗಕ್ಕೆ ಇಳಿಯುತ್ತದೆ. ವಿಂಡೋಸ್ 11 ಬಳಸುವವರು ವಿಂಡೋಸ್ ಕೀಲಿ ಮತ್ತು ಝಡ್ ಒತ್ತಿದರೆ ಸಿದ್ಧ ವಿನ್ಯಾಸಗಳೇ ಮುಂದೆ ಬರುತ್ತವೆ. ಮೂರು ಕಂಬಸಾಲಿನ ವಿನ್ಯಾಸ ನಿಮಗೆ ಕಾಣದಿದ್ದರೆ ಗಾಬರಿ ಬೇಡ, ಅದು ಅಗಲ ಪರದೆಗಳಿಗೆ ಮಾತ್ರ.

ಈ ಅಗಲದ ಲೆಕ್ಕದಲ್ಲಿ ಒಂದು ಮರ್ಮವಿದೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಅರ್ಧವೆಂದರೆ 960. ಆದರೆ ಅಕ್ಷರ ದೊಡ್ಡದಾಗಿ ಕಾಣಲೆಂದು ಡಿಸ್‌ಪ್ಲೇ ಸ್ಕೇಲ್ ಅನ್ನು ಶೇ 150ಕ್ಕೆ ಏರಿಸಿದ್ದರೆ ತಂತ್ರಾಂಶದ ಕಣ್ಣಿಗೆ ಇಡೀ ಪರದೆಯೇ 1280 ಆಗುತ್ತದೆ, ಅರ್ಧ 640. ಇದಕ್ಕಿಂತ ಸಣ್ಣದಾಗಲಾರೆ ಎಂಬ ಕನಿಷ್ಠ ಅಳತೆ ಹಲವು ತಂತ್ರಾಂಶಗಳಿಗೆ ಇರುತ್ತದೆ. ಕಿಟಕಿ ಅರ್ಧದಲ್ಲಿ ಕೂರದೆ ಪಕ್ಕದ್ದರ ಮೇಲೆ ಚಾಚಿಕೊಂಡರೆ ನಿಮ್ಮ ಕೈ ತಪ್ಪಿತೆಂದುಕೊಳ್ಳಬೇಡಿ; ಸ್ಕೇಲ್ ಒಂದು ಮೆಟ್ಟಿಲು ಇಳಿಸಿ ನೋಡಿ.

ಕಳೆದುಹೋದ ಕಿಟಕಿ

ಎರಡನೇ ಪರದೆಯ ಕೇಬಲ್ ಕಿತ್ತ ಮೇಲೆ ಒಮ್ಮೊಮ್ಮೆ ಹೀಗಾಗುತ್ತದೆ: ಕೆಳಗಿನ ಪಟ್ಟಿಯಲ್ಲಿ ತಂತ್ರಾಂಶ ತೆರೆದಿರುವ ಗುರುತಿದೆ, ಪರದೆಯಲ್ಲಿ ಕಿಟಕಿಯಿಲ್ಲ. ಇಲ್ಲದ ಪರದೆಯ ಮೇಲೆ ಅದು ಹಾಯಾಗಿ ಕೂತಿರುತ್ತದೆ. ನಾನು ಮೊದಲ ಸಲ ಕಂಪ್ಯೂಟರನ್ನೇ ಆರಿಸಿ ಹಚ್ಚಿದ್ದೆ, ಉಳಿಸದ ಎರಡು ಪುಟ ಕಳೆದುಕೊಂಡಿದ್ದೆ.

ಹೀಗೆ ಮಾಡಿ. ಕೆಳಪಟ್ಟಿಯ ಚಿಹ್ನೆಯನ್ನು ಕ್ಲಿಕ್ ಮಾಡಿ, ಆ ಕಿಟಕಿ ಎಚ್ಚರಗೊಳ್ಳಲಿ. ಆಲ್ಟ್ ಹಿಡಿದು ಸ್ಪೇಸ್ ಬಾರ್ ಒತ್ತಿ, ಎರಡನ್ನೂ ಬಿಟ್ಟು ಎಂ ಅಕ್ಷರ ಒತ್ತಿ. ಏನೂ ಕಾಣುವುದಿಲ್ಲ, ಪರವಾಗಿಲ್ಲ. ಈಗ ಯಾವುದಾದರೂ ಬಾಣದ ಕೀಲಿಯನ್ನು ಒಂದೇ ಸಲ ಒತ್ತಿ ಮೌಸ್ ಅಲ್ಲಾಡಿಸಿ: ತಪ್ಪಿಸಿಕೊಂಡ ಕಿಟಕಿ ಮೌಸ್‌ಗೆ ಅಂಟಿಕೊಂಡು ಹಿಂಬಾಲಿಸಿ ಬರುತ್ತದೆ. ಬೇಕಾದಲ್ಲಿ ಕ್ಲಿಕ್ ಮಾಡಿ ಇಳಿಸಿ. ಆಲ್ಟ್ ಮತ್ತು ಸ್ಪೇಸ್ ಜೋಡಿಯನ್ನು ಬೇರೆ ತಂತ್ರಾಂಶ ಆಕ್ರಮಿಸಿದ್ದರೆ ಕೆಳಪಟ್ಟಿಯ ಚಿಹ್ನೆಯ ಮೇಲೆ ಮೌಸ್ ನಿಲ್ಲಿಸಿ; ಮೂಡುವ ಚಿಕ್ಕ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿದರೆ ಮೂವ್ ಎಂಬ ಆಯ್ಕೆ ಸಿಗುತ್ತದೆ. ಅದು ಮಂಕಾಗಿದ್ದರೆ ಕಿಟಕಿ ಪೂರ್ತಿ ಹಿಗ್ಗಿದ ಸ್ಥಿತಿಯಲ್ಲಿದೆ ಎಂದರ್ಥ. ಮೊದಲು ರಿಸ್ಟೋರ್ ಒತ್ತಬೇಕು. ಎರಡೂ ಪರದೆ ಇರುವಾಗ ಇಷ್ಟು ಸರ್ಕಸ್ ಬೇಡ, ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣ ಸಾಕು.

ತೆರೆಯುವಾಗಲೇ ಸರಿಯಾದ ಅಳತೆ

ಪ್ರತಿ ಸಲವೂ ಕಿಟಕಿ ತಪ್ಪು ಅಳತೆಯಲ್ಲಿ ತೆರೆಯುತ್ತದೆ ಎಂಬ ದೂರು ಸಾಮಾನ್ಯ. ಬಹುತೇಕ ತಂತ್ರಾಂಶಗಳು ಕೊನೆಗೆ ಮುಚ್ಚಿದ ಕಿಟಕಿಯ ಅಳತೆಯನ್ನು ನೆನಪಿಟ್ಟುಕೊಳ್ಳುತ್ತವೆ. ಆದ್ದರಿಂದ ಆ ತಂತ್ರಾಂಶದ ಉಳಿದ ಕಿಟಕಿಗಳನ್ನೆಲ್ಲ ಮೊದಲು ಮುಚ್ಚಿ, ಒಂದನ್ನೇ ಬೇಕಾದ ಅಳತೆಗೆ ತಂದು ಕೊನೆಗೆ ಮುಚ್ಚಿ. ಕೇಳದಿದ್ದರೆ ಅದರ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ರನ್ ಎಂಬಲ್ಲಿ ಮ್ಯಾಕ್ಸಿಮೈಸ್ಡ್ ಆರಿಸಿ ನೋಡಬಹುದು. ಎಲ್ಲ ತಂತ್ರಾಂಶಗಳೂ ಇದಕ್ಕೆ ಕಿವಿಗೊಡುವುದಿಲ್ಲ.

ಪರದೆಯನ್ನು ನಿಮ್ಮದೇ ಲೆಕ್ಕದಲ್ಲಿ ಹೋಳು ಮಾಡಬೇಕೆಂದರೆ ಪವರ್‌ಟಾಯ್ಸ್ ಎಂಬ ಮೈಕ್ರೊಸಾಫ್ಟ್‌ನದೇ ಉಚಿತ ಉಪಕರಣಗಳ ಗೊಂಚಲಿನಲ್ಲಿ ಫ್ಯಾನ್ಸಿಝೋನ್ಸ್ ಎಂಬ ಉಪಕರಣವಿದೆ. ವಲಯಗಳನ್ನು ಒಮ್ಮೆ ಗೆರೆ ಹಾಕಿಟ್ಟರೆ, ಶಿಫ್ಟ್ ಹಿಡಿದು ಕಿಟಕಿ ಎಳೆದಾಗ ಅದು ವಲಯದೊಳಗೆ ಸರಿಯಾಗಿ ಕೂರುತ್ತದೆ.

ಮ್ಯಾಕ್, ಲಿನಕ್ಸ್

ಮ್ಯಾಕ್‌ನಲ್ಲಿ ಅಂಚಿಗೆ ಎಳೆದು ಅಂಟಿಸುವ ಸೌಲಭ್ಯ 2024ರ ಸಿಕೋಯಾ ಆವೃತ್ತಿಯಲ್ಲಿ ಬಂತು. ಎಫ್ಎನ್, ಕಂಟ್ರೋಲ್ ಮತ್ತು ಬಾಣದ ಕೀಲಿಗಳಿಂದಲೂ ಆಗುತ್ತದೆ. ಆಪ್ಷನ್ ಹಿಡಿದು ಒಂದು ಅಂಚನ್ನು ಎಳೆದರೆ ಎದುರಿನ ಅಂಚೂ ಅಷ್ಟೇ ಸರಿಯುತ್ತದೆ.

ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಬಳಸುವ ಕೆಡಿಇ ಎಂಬ ಡೆಸ್ಕ್‌ಟಾಪ್ ಪರಿಸರದ ಒಂದು ಅನುಕೂಲ ಕಂಡು ನನಗೆ ಹೊಟ್ಟೆಕಿಚ್ಚು. ವಿಂಡೋಸ್ ಚಿಹ್ನೆಯ ಕೀಲಿ ಹಿಡಿದರೆ ಕಿಟಕಿಯ ಒಡಲಿನ ಯಾವ ಭಾಗವನ್ನಾದರೂ ಹಿಡಿಯಬಹುದು: ಮೌಸ್‌ನ ಎಡ ಗುಂಡಿಯಿಂದ ಎಳೆದರೆ ಜಾಗ ಬದಲು, ಬಲ ಗುಂಡಿಯಿಂದ ಎಳೆದರೆ ಅಳತೆ ಬದಲು. ಅಂಚನ್ನು ಹುಡುಕುವ ತಾಪತ್ರಯವೇ ಇಲ್ಲ.

ಇನ್ನು ಕಿಟಕಿಯನ್ನು ಅಂಚಿನ ಹತ್ತಿರ ಒಯ್ದೊಡನೆ ಅದು ತಾನಾಗಿ ಅಂಟುವುದೇ ಕಿರಿಕಿರಿ ಎನ್ನುವವರು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಮಲ್ಟಿಟಾಸ್ಕಿಂಗ್ ತೆರೆದು ಸ್ನ್ಯಾಪ್ ವಿಂಡೋಸ್ ಎಂಬ ಗುಂಡಿಯನ್ನು ಆಫ್ ಮಾಡಿಬಿಡಬಹುದು.