ಪೊಲೀಸ್ ಪರಿಚಯ ಇಲ್ಲದೆ ಕ್ರೈಮ್ ಕಾದಂಬರಿ: ನನ್ನ ಅನುಭವ

"ಡಿಪಾರ್ಟ್‌ಮೆಂಟ್‌ನಲ್ಲಿ ಯಾರಾದರೂ ಗೊತ್ತಿರಲೇಬೇಕು, ಇಲ್ಲಾಂದ್ರೆ ಆಗೋ ಮಾತಲ್ಲ." ಬರೆಯುವ ಗೆಳೆಯರೆಲ್ಲ ಹೀಗೇ ಹೇಳಿದ್ದರು. ನನಗೆ ಒಬ್ಬರೂ ಗೊತ್ತಿರಲಿಲ್ಲ. ಈಗ ಹಸ್ತಪ್ರತಿ ಓದಿದ ಕ್ರಿಮಿನಲ್ ವಕೀಲರೊಬ್ಬರು ಮಹಜರಿನ ಅಧ್ಯಾಯದಲ್ಲಿ ಒಂದು ಸಾಲನ್ನೂ ತಿದ್ದಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ದಾರಿಗಳು. ಆನ್‌ಲೈನ್ ಫೊರೆನ್ಸಿಕ್ ಕೋರ್ಸೊಂದಕ್ಕೆ ಏಳೆಂಟು ಸಾವಿರ ಕೊಟ್ಟೆ. ಪಾಠವೆಲ್ಲ ಅಮೆರಿಕದ ಪದ್ಧತಿ. ಸಾವಿನ ಕಾರಣ ವಿಚಾರಿಸುವ ಕರೋನರ್, ತೀರ್ಪು ಕೊಡುವ ಜ್ಯೂರಿ ಎರಡೂ ನಮ್ಮ ಕೊಲೆ ಕೇಸಿನಲ್ಲಿಲ್ಲ. ಠಾಣೆಗೆ ಹೋಗಿ ಕೇಳಿದರೆ ಸಾಹೇಬರು ಯಾವಾಗಲೂ ಬಂದೋಬಸ್ತ್‌ನಲ್ಲಿ. ನಿವೃತ್ತ ಅಧಿಕಾರಿಯೊಬ್ಬರು ಸುಮಾರು ಐದು ಸಾವಿರ ತಗೊಂಡು ಒಂದು ಮಧ್ಯಾಹ್ನ ಮಾತಾಡಿದರು. ಎಲ್ಲ ಸಾಹಸದ ಕಥೆಗಳು. ರಾತ್ರಿ ಎಫ್‌ಐಆರ್ ಹೊತ್ತು ಮ್ಯಾಜಿಸ್ಟ್ರೇಟರ ಮನೆಗೆ ಯಾರು ಹೋಗ್ತಾರೆ ಎಂದರೆ "ಯಾರೋ ಪಿಸಿ ಹೋಗ್ತಾನೆ ಬಿಡಿ" ಅಂದರು. ನನಗೆ ಬೇಕಿದ್ದದ್ದು ಆ ಪಿಸಿ, ಅಂದರೆ ಕಾನ್‌ಸ್ಟೇಬಲ್ಲೇ.

ಕೊನೆಗೆ ಕೈ ಹಿಡಿದದ್ದು ಖುಲಾಸೆ ತೀರ್ಪುಗಳು. ಇ-ಕೋರ್ಟ್ಸ್ ತಾಣದಲ್ಲಿ ಸೆಷನ್ಸ್ ಕೋರ್ಟುಗಳ ತೀರ್ಪು ಪುಕ್ಕಟೆ ಸಿಗುತ್ತದೆ. ಶಿಕ್ಷೆಯಾದ ಕೇಸಿನಲ್ಲಿ ತನಿಖೆ ನುಣ್ಣಗೆ ಕಾಣುತ್ತದೆ. ಖುಲಾಸೆಯಾದ ಕೇಸಿನಲ್ಲಿ ಅದು ಎಲ್ಲೆಲ್ಲಿ ಬಿರುಕು ಬಿಟ್ಟಿತು ಅಂತ ನ್ಯಾಯಾಧೀಶರೇ ಬರೆದಿರುತ್ತಾರೆ. ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು ತಡ. ಮಚ್ಚು ಜಪ್ತಿಯಾದ ದಿನ ಸೀಲ್ ಹಾಕಿಲ್ಲ. ಮಹಜರಿಗೆ ಸಾಕ್ಷಿಯಾದ ಪಂಚರು "ಠಾಣೆಯಲ್ಲೇ ಸಹಿ ಹಾಕಿದೆವು" ಅಂತ ಉಲ್ಟಾ ಹೊಡೆದರು. ಇವೆಲ್ಲ ಕಾದಂಬರಿಯ ತಿರುವುಗಳೇ ಅಲ್ವಾ? ನನ್ನ ಕಥೆ ನಿಂತಿರುವುದೂ ಇಂಥ ಒಂದರ ಮೇಲೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಕಸ್ಟಡಿಯಲ್ಲಿ ಆರೋಪಿ ಹೇಳಿದ ಮಾತಿನಿಂದ ಮಚ್ಚು ಸಿಕ್ಕರೆ, ಅದನ್ನು ತೋರಿಸಿಕೊಟ್ಟ ಅಷ್ಟು ಮಾತು ನಡೆಯುತ್ತದೆ. ಆ "ಅಷ್ಟು" ಎಷ್ಟು ಅನ್ನುವುದರ ಮೇಲೆ ನಲವತ್ತು ಪುಟ ಬರೆದೆ. ಚೆನ್ನಾಗಿಯೇ ಬಂದಿದೆ.

ತೀರ್ಪು ಓದಿದ ಮೇಲೆ ಕೋರ್ಟಿಗೆ ಹೋಗಿ. ಕೊಲೆ ಕೇಸಿನ ವಿಚಾರಣೆ ಸಾಮಾನ್ಯವಾಗಿ ತೆರೆದ ಕೋರ್ಟಿನಲ್ಲೇ, ಹಿಂದೆ ಸುಮ್ನೆ ಕೂತರೆ ಯಾರೂ ಕೇಳುವುದಿಲ್ಲ. ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರ ಪಾಟೀ ಸವಾಲಿನ ದಿನ ತಪ್ಪಿಸಬೇಡಿ. ಯಾವ ದಿನ ಯಾವ ಸಾಕ್ಷಿ ಅಂತ ಮೊದಲೇ ತಿಳಿಯಲು ನನ್ನದೊಂದು ದಾರಿ ಇದೆ. ಅದು ನನ್ನ ಹತ್ತಿರವೇ ಇರಲಿ.

ಒಂದು ಎಚ್ಚರಿಕೆ. ಕಥೆಯ ಕೊಲೆ 2024ರ ಜುಲೈ 1ರಂದು ಅಥವಾ ಆಮೇಲೆ ನಡೆದರೆ ಐಪಿಸಿಯ 302 ಅಂತ ಬರೆಯಬೇಡಿ, ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103. ಶವ ಮಹಜರಿನ ಸಿಆರ್‌ಪಿಸಿ 174 ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194 ಬಂದಿದೆ. ಮಂಪರು ಪರೀಕ್ಷೆಯ ದೃಶ್ಯವೂ ಜಾಸ್ತಿ ಬರುತ್ತಿದೆ. ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದೂ ನಮ್ಮ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ.

ಹೆಣದ ವಿಷಯಕ್ಕೆ ಹಳೇ ಪುಸ್ತಕದಂಗಡಿಯಲ್ಲಿ ನಾನೂರಕ್ಕೋ ಐನೂರಕ್ಕೋ ಸಿಕ್ಕ ವೈದ್ಯಕೀಯ ಪಠ್ಯ ಸಾಕಾಯಿತು. ಭಾರತದ್ದೇ ತಗೊಳ್ಳಿ. ನಮ್ಮ ಬೇಸಿಗೆಯಲ್ಲಿ ಹೆಣ 1-2 ಗಂಟೆಗೇ ಸೆಟೆಯಲು ಶುರುವಾಗುತ್ತದೆ. ಚಳಿ ದೇಶದ ಲೆಕ್ಕ ಹಿಡಿದರೆ ಕೊಲೆಯ ಹೊತ್ತೇ ತಪ್ಪುತ್ತದೆ.

ನಡುವೆ ಬೆರಳಚ್ಚು ಎಬ್ಬಿಸುವ ಒಂದು ಪ್ರಯೋಗವನ್ನೂ ಮಾಡಿದೆ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಫಾಯಿಲ್ ಮೇಲೆ ನಾಲ್ಕು ಹನಿ ಸೂಪರ್ ಗ್ಲೂ, ಪಕ್ಕದಲ್ಲಿ ಬಿಸಿನೀರಿನ ಲೋಟ, ಮೇಲೆ ಬೆರಳು ಒತ್ತಿದ ಪ್ಲಾಸ್ಟಿಕ್ ಕವರ್. ಖರ್ಚು ಐವತ್ತು ರೂಪಾಯಿ ಒಳಗೆ. ಕಿಟಕಿ ತೆರೆದಿಡಿ, ಹೊಗೆ ಕಣ್ಣಿಗೆ ಉರಿ. ಕೆಲ ಗಂಟೆಯಲ್ಲಿ ಬೆರಳ ಗೆರೆಗಳು ಬೆಳ್ಳಗೆ ಎದ್ದವು. ಕಾಗದದ ಮೇಲೆ ಏನೂ ಬರಲಿಲ್ಲ. ಕಾಗದಕ್ಕೆ ನಿನ್‌ಹೈಡ್ರಿನ್ ಅನ್ನುವ ರಾಸಾಯನಿಕ ಬೇಕು. ನನ್ನ ಕೊಲೆಗಾರ ಕಾಗದದ ಚೀಟಿಯ ಬದಲು ಪ್ಲಾಸ್ಟಿಕ್ ಕವರ್ ಮುಟ್ಟಿದ್ದು ಇದರಿಂದಲೇ.

ಈಗ ಎರಡನೇ ಕಾದಂಬರಿಗೆ ಸಿಸಿಟಿವಿ ದೃಶ್ಯದ ಕೇಸುಗಳನ್ನು ಓದುತ್ತಿದ್ದೇನೆ. ಅದರ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲೇ ಎಷ್ಟೊಂದು ಕೇಸು ಎಡವಿವೆ ನೋಡಿ.